ತೆರೆಯದ ಅಂಗೈ

ಅಂದು ಬೆಳಿಗ್ಗೆ ಪೂಜೆಗೆ ಕುಳಿತಾಗ ಇಷ್ಟಲಿಂಗ ನನ್ನ ಎಡಗೈಯಿಂದ ಜಾರಿತು. ಪುಣ್ಯಕ್ಕೆ ಉಡಿಯಲ್ಲಿ ಬಿತ್ತು. ನೆಲಕ್ಕೆ ಬಿದ್ದಿದ್ದರೆ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಎಂಟನೆಯ ವಯಸ್ಸಿನಲ್ಲಿ ದೀಕ್ಷೆಯ ದಿನ ಗುರುಗಳಾದ ಅಯ್ಯನವರು ಈ ಅಂಗೈಯಲ್ಲಿಟ್ಟು ಕೊಟ್ಟ ಲಿಂಗ ಅದು. ಬಾಣಂತನ, ಜ್ವರ, ಮನೆಯ ಸಾವು, ಯಾವುದಕ್ಕೂ ಪೂಜೆ ತಪ್ಪಿಸಿದವಳಲ್ಲ ನಾನು.

ಸಂಧಿವಾತ ಎಂದರು ಡಾಕ್ಟರ್. ಬೆರಳ ಗಂಟು ಊದಿ, ಮಣಿಕಟ್ಟು ಸೆಟೆದು, ಅಂಗೈ ಓರೆಯಾಗಿಬಿಟ್ಟಿತ್ತು. ಗುಳಿಗೆ ಬರೆದುಕೊಟ್ಟು, ವ್ಯಾಯಾಮ ಕಲಿಯಲು ಫಿಸಿಯೋಥೆರಪಿ ಮಾಡುವ ಹುಮಾ ಎಂಬ ಹುಡುಗಿಯ ಬಳಿ ಕಳಿಸಿದರು. ಮಾಳಮಡ್ಡಿಯಲ್ಲಿ ನಮ್ಮ ಮನೆಯಿಂದ ಎರಡು ಓಣಿ ಆಚೆ ಅವಳ ಕೋಣೆ.

"ಮೊಳಕೈ ಮೇಜಿನ ಮ್ಯಾಲ ಇಡ್ರಿ ಅಮ್ಮಾ. ಅಂಗೈ ಸಾವಕಾಶ ಮ್ಯಾಲ ತಿರುವ್ರಿ, ಬೆರಳ ಬಿಚ್ರಿ. ಮುಂಜಾನಿ ಹತ್ತ ಸಲ, ಸಂಜಿಕ ಹತ್ತ ಸಲ. ಕೈ ಬಾತ ದಿನ ಕಡಿಮಿ ಮಾಡ್ರಿ," ಎಂದಳು.

ಹತ್ತು ಸಲವೇ? ನನಗೆ ನಗು ಬಂತು. ದೇವರ ಮುಂದೆ ಯಾರಾದರೂ ಹತ್ತಕ್ಕೆ ಜಪ ನಿಲ್ಲಿಸುತ್ತಾರೆಯೇ? ನಾನು ಹರಕೆ ಹೊತ್ತೆ. ಒಂದು ಸಲ ಕೈ ತಿರುವಿದರೆ ಒಂದು ನಮಃ ಶಿವಾಯ. ಮೊದಲ ದಿನ ನೂರೆಂಟು. ವಾರದ ಹೊತ್ತಿಗೆ ಸಾವಿರದೊಂದು. ನೋವು ಹೆಚ್ಚಾದಷ್ಟೂ ಶಿವನು ಪರೀಕ್ಷೆ ಮಾಡುತ್ತಿದ್ದಾನೆ ಎಂದುಕೊಂಡು ಹಲ್ಲು ಕಚ್ಚಿ ತಿರುವಿದೆ. ಹಟ ನನ್ನ ತವರಿನ ಬಳುವಳಿ, ಯಾರನ್ನು ಬೈಯಲಿ?

ಗಂಡ ಮಡಿವಾಳಪ್ಪ ಅಮರಗೋಳದ ಮಾರುಕಟ್ಟೆಯಲ್ಲಿ ನಲವತ್ತು ವರ್ಷ ಕಡಲೆ ವ್ಯಾಪಾರ ಮಾಡಿದವರು. ಬಾಗಿಲಲ್ಲಿ ನಿಂತು ನೋಡಿದರು.

"ಕೈ ತಿರುವಾಕತ್ತಿಯೋ, ಬೀಸೋ ಕಲ್ಲ ತಿರುವಾಕತ್ತಿಯೋ? ಅತಿಯಾದ್ರ ಅಮೃತನೂ ವಿಷ ಆಕ್ಕೈತಿ, ರತ್ನಾ."

"ನಿಮ್ಮ ಕೆಲಸ ನೀವ್ ನೋಡ್ಕೋರಿ," ಎಂದೆ.

ಹನ್ನೆರಡನೆಯ ದಿನ ಎದ್ದಾಗ ಕೈ ಬಾತು ಬನ್ನಿನಂತಾಗಿತ್ತು. ಸೀರೆಯ ಸೆರಗು ಹಿಡಿಯಲೂ ಬರಲಿಲ್ಲ. ಮುಷ್ಟಿ ಬಿಚ್ಚಲೊಲ್ಲದು. ಓಡೋಡಿ ಹುಮಾಳ ಬಳಿ ಹೋದೆ.

"ಎಷ್ಟ ಸಲ ಮಾಡಿದ್ರಿ ಅಮ್ಮಾ?"

ಸುಳ್ಳು ಹೇಳಲಾಗಲಿಲ್ಲ. "ಸಾವಿರದೊಂದು."

ಅವಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಕೈಗೆ ಪಟ್ಟಿ ಕಟ್ಟಿದಳು. "ಇದು ಹರಕಿ ಅಲ್ರಿ. ಹದಿನೈದ ದಿನ ಈ ಕೈಗೆ ಆರಾಮ ಕೊಡ್ರಿ. ಅಷ್ಟರಾಗ ದಿನಾ ಅರ್ಧಾ ತಾಸು ಅಡ್ಡಾಡ್ರಿ, ಭುಜಾ ಆಡಸ್ರಿ, ಸುಮ್ಮನ ಕೂಡಬ್ಯಾಡ್ರಿ. ಬಾವು ಇಳಿದ ಮ್ಯಾಲ ಮತ್ತ ಹತ್ತರಿಂದನ ಚಾಲೂ ಮಾಡೂಣು."

"ಮೊದಲಿನಂಗ ತೆರಿತೈತೇನವಾ ಕೈ?"

ಅವಳು ಪಟ್ಟಿಯ ತುದಿಯನ್ನು ಒಳಗೆ ಸಿಕ್ಕಿಸಿದಳು. "ತೆರಿತೈತಿ ಅಂತ ನಾ ಹೇಳಂಗಿಲ್ರಿ. ದಿನಾ ಹದಕ್ಕ ಮಾಡಿದ್ರ, ಉಳದದ್ದನ್ನ ಉಳಸ್ಕೋಬಹುದು."

ಉಳಿದದ್ದು! ನಾನು ಮನೆಗೆ ಬಂದು ಸ್ನಾನದ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಕೈಯನ್ನು ಉಳಿಸಲು ಹೋಗಿ ನಾನೇ ಕೆಡಿಸಿಕೊಂಡೆ, ಅದೂ ಶಿವನ ಹೆಸರು ಹೇಳಿ.

ಹದಿನೈದು ದಿನ ಲಿಂಗವನ್ನು ಅಂಗೈಗೆ ತೆಗೆಯದೆ, ಕೊರಳಲ್ಲಿದ್ದಂತೆಯೇ ನಮಸ್ಕರಿಸಿದೆ. ಸಂಜೆ ಓಣಿಯಲ್ಲಿ ಅಡ್ಡಾಡಿದೆ. ಹೆಜ್ಜೆ ಹೆಜ್ಜೆಗೂ ಜಪ ಎಣಿಸಬೇಕೆನಿಸುತ್ತಿತ್ತು, ಬಾಯಿ ಬಿಗಿಹಿಡಿದೆ. ಬಾವು ಇಳಿಯಿತು. ಬೆರಳು ಅರ್ಧ ಬಿಚ್ಚಿದವು. ಅಂಗೈ ಮಾತ್ರ ಓರೆಯಾಗಿಯೇ ಉಳಿಯಿತು.

ಹದಿನಾರನೆಯ ದಿನ ಮಣೆಯ ಮೇಲೆ ಕುಳಿತು ಲಿಂಗ ತೆಗೆದೆ. ಅಂಗೈಯಲ್ಲಿ ಇಡಲು ಧೈರ್ಯವಿಲ್ಲ, ಮತ್ತೆ ಕೊರಳಿಗೆ ಕಟ್ಟಿಕೊಂಡು ಏಳಲು ಮನಸ್ಸಿಲ್ಲ. ಗಂಡ ಬಂದು ಪಕ್ಕದಲ್ಲಿ ಕುಳಿತು ಕೈ ಚಾಚಿದರು.

"ನಿಮ್ಮ ಕೈಯಾಗ ನನ್ನ ಲಿಂಗಾ ಇಡಾಕ ಬರೂದಿಲ್ರಿ," ಎಂದೆ ಸಿಟ್ಟಿನಿಂದ.

"ಇಡು ಅಂದವರ್ಯಾರು? ನಿನ್ನ ಕೈಯಾಗ ಇಡು."

ನನ್ನ ಕೈಯ ಕೆಳಗೆ ತಮ್ಮ ಕೈ ಕೊಟ್ಟು ಮೆಲ್ಲಗೆ ಎತ್ತಿದರು. ಓರೆಯಾದ ಅಂಗೈ ಸಮವಾಯಿತು. ಲಿಂಗ ನಿಂತಿತು. ನೀರೆರೆದೆ, ಭಸ್ಮ ಹಚ್ಚಿದೆ, ಪತ್ರೆ ಏರಿಸಿದೆ. ಆ ಹೊತ್ತಿಗೆ ಮಂತ್ರ ಬಾಯಿಗೆ ಬರಬೇಕಿತ್ತು. ಬರಲಿಲ್ಲ. ಕೆಳಗೆ ಅವರ ಸುಕ್ಕುಗಟ್ಟಿದ ಕೈ ಇತ್ತು. ಅವರಿಗೆ ಎಪ್ಪತ್ತೆರಡು ವರ್ಷ. ಈ ಕೈ ನನಗೆ ಇನ್ನೆಷ್ಟು ದಿನ ಸಿಗುತ್ತದೆ ಎಂದಷ್ಟೇ ನಾನು ಶಿವನನ್ನು ಕೇಳುತ್ತಿದ್ದೆ.