ಮೂರನೆಯ ಊರಿನ ರಾಜ

ರಾಜ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ.

ಗೊಂಬೆಯಕ್ಕ ಅವನನ್ನು ಓರೆ ಮಾಡಿ ನೋಡಿದಳು, ಮಲಗಿಸಿ ನೋಡಿದಳು. ಮೂರನೆಯ ಊರಿನ ಯಾವ ಮನೆಯ ಬಾಗಿಲೂ ಅವನ ಎದೆಗಿಂತ ಎತ್ತರ ಬರಲಿಲ್ಲ. ಬೀದಿಯಲ್ಲಿ ನಿಲ್ಲಿಸಿದರೆ ದಾರಿ ತಪ್ಪಿ ಬಂದ ನೆಂಟನ ಹಾಗೆ ಕಾಣುತ್ತಿದ್ದ. ಸ್ನಾನದ ಕೊಳದ ಮೆಟ್ಟಿಲ ಮೇಲೆ ನಿಲ್ಲಿಸಿದರೆ ಈಜು ಬಾರದೆ ಹಿಂದೆ ಮುಂದೆ ನೋಡುವವನ ಹಾಗಿದ್ದ. ಅವನನ್ನೆತ್ತಿ ಸೀರೆಯ ಸೆರಗಿನಲ್ಲಿ ಒರೆಸಿದಳು. ಗೋಡೆಯ ಗಡಿಯಾರ ಹನ್ನೆರಡೂಕಾಲು ತೋರಿಸುತ್ತಿತ್ತು. ನಾಲ್ಕು ಗಂಟೆಗೆ ಸಮಿತಿ ಬರುವುದಿತ್ತು.

ವಸ್ತುಸಂಗ್ರಹಾಲಯದ ಆ ಹೊಸ ಕೋಣೆಯಲ್ಲಿ ಮೂರು ಮೇಜುಗಳ ಮೇಲೆ ಮೂರು ಪುರಾತನ ಊರುಗಳಿದ್ದವು. ಒಂದು ಈಜಿಪ್ಟಿನದು, ಒಂದು ಮೆಸೊಪೊಟೇಮಿಯದ ಸುಮೇರಿನದು, ಒಂದು ಸಿಂಧೂ ಕಣಿವೆಯದು. ಮೂರನ್ನೂ ಮಣ್ಣು, ಗಾರೆ, ಸಣ್ಣ ಕಡ್ಡಿಗಳಿಂದ ಕಟ್ಟಿದವಳು ಅವಳೇ. ಅವಳ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಬಾಗಿಲ ಕಾವಲಿನವನಿಂದ ಹಿಡಿದು ಮೇಲಧಿಕಾರಿಯವರೆಗೆ ಎಲ್ಲರಿಗೂ ಅವಳು ಗೊಂಬೆಯಕ್ಕ. ಹನ್ನೊಂದು ವರ್ಷದಿಂದ ಹಂಗಾಮಿ.

ಪ್ರತಿ ಮೇಜಿನ ಹಿಂದೆ ಒಂದು ಫಲಕ. ಅದರಲ್ಲಿ ಗೆರೆ ಎಳೆದ ಮೂರು ಮನೆಗಳು: ಆಡಳಿತ, ಸಮಾಜ, ಸಂಸ್ಕೃತಿ. ಈಜಿಪ್ಟಿನಲ್ಲಿ ರಾಜನೇ ದೇವರು, ಧಾನ್ಯವೆಲ್ಲ ಅವನ ಕಣಜಕ್ಕೆ. ಸುಮೇರಿನಲ್ಲಿ ಊರಿಗೊಬ್ಬ ರಾಜ, ಊರಿಗೊಂದು ದೇವರು, ಜೇಡಿಮಣ್ಣಿನ ಹಲಗೆಯ ಮೇಲೆ ಕಾನೂನು. ಮೂರನೆಯ ಫಲಕದಲ್ಲಿ ಸಮಾಜ ತುಂಬಿತ್ತು, ಸಂಸ್ಕೃತಿಯೂ ತುಂಬಿತ್ತು. ಒಂದೇ ಅಳತೆಯ ಇಟ್ಟಿಗೆ, ಒಂದೇ ಲೆಕ್ಕದ ತೂಕದ ಕಲ್ಲು, ಬೀದಿಯುದ್ದಕ್ಕೂ ಮುಚ್ಚಿದ ಚರಂಡಿ, ಇನ್ನೂ ಯಾರೂ ಓದಲಾಗದ ಬರಹ. ಆಡಳಿತದ ಮನೆ ಮಾತ್ರ ಖಾಲಿ ಬಿದ್ದಿತ್ತು.

"ಖಾಲಿ ಬಿಟ್ರೆ ನಮಗೇ ಗೊತ್ತಿಲ್ಲ ಅಂದ್ಕೊಳ್ತಾರೆ," ಎಂದಿದ್ದರು ಮೇಲಧಿಕಾರಿ ನಿನ್ನೆ.

"ನಮಗೆ ಗೊತ್ತಿಲ್ವಲ್ಲ ಸಾರ್."

"ಗೊತ್ತಿಲ್ಲ ಅನ್ನೋದು ನಮ್ಮೊಳಗೆ ಇರ್ಲಿ. ಒಬ್ಬ ರಾಜನ್ನ ಮಾಡಿ ನಿಲ್ಸು, ಅಲ್ಲಿ 'ಅರ್ಚಕ ರಾಜ' ಅಂತ ಬರಿ. ಸಮಿತಿ ಒಪ್ಪಿದ್ರೆ ನಿನ್ನ ಖಾಯಂ ಕಾಗದ ಅಲ್ಲೇ ಸಹಿ ಹಾಕಿಸ್ತೀನಿ. ಫೈಲಿನಲ್ಲೇ ಇಟ್ಕೊಂಡಿದೀನಿ." ಕಂಕುಳಲ್ಲಿದ್ದ ನೀಲಿ ಫೈಲನ್ನು ಎರಡು ಸಲ ತಟ್ಟಿದ್ದರು.

ಆ ತಟ್ಟಿದ ಸದ್ದು ರಾತ್ರಿಯಿಡೀ ಅವಳ ಕಿವಿಯಲ್ಲಿತ್ತು. ಬೆಳಗ್ಗೆ ಬಂದವಳೇ ಗಡಿಬಿಡಿಯಲ್ಲಿ ಈಜಿಪ್ಟಿನ ರಾಜನ ಅಚ್ಚಿಗೇ ಗಾರೆ ಸುರಿದುಬಿಟ್ಟಳು. ಕಿರೀಟ ಕೆತ್ತಿ ತೆಗೆದಳು, ಗಡ್ಡ ಕೆರೆದಳು. ತಪ್ಪಾದದ್ದು ಒಣಗಿದ ಮೇಲೆ ಗೊತ್ತಾಯಿತು. ಆ ಕಾಲದ ಚಿತ್ರಗಳಲ್ಲಿ ರಾಜನನ್ನು ಉಳಿದವರ ಎರಡರಷ್ಟು ದೊಡ್ಡದಾಗಿ ತೋರಿಸುತ್ತಿದ್ದರೆಂದು ಅವಳೂ ಆ ಅಚ್ಚನ್ನು ದೊಡ್ಡದು ಮಾಡಿದ್ದಳು. ಅಲ್ಲಿ ಅರಮನೆಯ ಬಾಗಿಲೂ ಅವನಿಗೆ ತಕ್ಕಂತೆ ಇತ್ತು. ಇಲ್ಲಿ ಇದ್ದುದೆಲ್ಲ ಮನುಷ್ಯರ ಬಾಗಿಲು. ಸಾಲದ್ದಕ್ಕೆ ಕೆರೆದ ಗಡ್ಡದ ಮೋಟೊಂದು ಗದ್ದದ ಮೇಲೆ ಹಾಗೇ ಉಳಿದಿತ್ತು.

"ಏನಮ್ಮ, ನಿನ್ನ ರಾಜ ಮುಖ ತೊಳ್ದು ಎಷ್ಟು ದಿನ ಆಯ್ತು?" ಎಂದ ಗಾಜಿನ ಪೆಟ್ಟಿಗೆಗೆ ಚೌಕಟ್ಟು ಹೊಡೆಯುತ್ತಿದ್ದ ಮುದಿ ಬಡಗಿ, ಬಾಯಲ್ಲಿ ಮೊಳೆ ಕಚ್ಚಿಕೊಂಡೇ.

"ನಗಬೇಡ ಮಾರಾಯ. ಇವನನ್ನ ಎಲ್ಲಿಡ್ಲಿ ಹೇಳು."

"ದೊಡ್ಡ ಮನೇಲಿ ಇಡು."

"ದೊಡ್ಡ ಮನೆ ಅಂತ ಅರಮನೆಯಂಥದ್ದು ಯಾವುದೂ ಇಲ್ಲ ಇಲ್ಲಿ."

ಬಡಗಿ ಮೊಳೆ ಉಗಿದು ಎದ್ದು ಬಂದ. ಕಣ್ಣು ಕಿರಿದು ಮಾಡಿ ಊರನ್ನು ನೋಡಿದ. "ಆದ್ರೂ ಒಂದ್ಮಾತು. ನನ್ನ ಕೈ ಕೆಳಗೆ ಇಬ್ಬರು ಇದ್ದಾರೆ. ಒಂದೇ ಅಳತೆಗೆ ಹಲಗೆ ಕುಯ್ಯಿರಿ ಅಂದ್ರೆ ಒಬ್ಬೊಬ್ರದ್ದು ಒಂದೊಂದು ಥರ. ಊರೂರಿಗೂ ಒಂದೇ ಲೆಕ್ಕದ ಇಟ್ಟಿಗೆ ಅಂದ್ರೆ, ತಲೆ ಮೇಲೆ ಕೂತು ಹೇಳೋನು ಒಬ್ಬ ಇರ್ಲೇಬೇಕು."

ಗೊಂಬೆಯಕ್ಕನೂ ಆ ಒಂದೇ ಅಳತೆಯ ಇಟ್ಟಿಗೆಗಳನ್ನೇ ನೋಡಿದಳು. ಇದ್ದಿರಲೂಬಹುದು. ಒಬ್ಬನಲ್ಲ, ಹತ್ತು ಜನ ಇದ್ದಿರಬಹುದು, ಕೂತು ಮಾತಾಡಿ ಎದ್ದು ಹೋದವರು. ಕುಂಚ ತೆಗೆದು ಮಸಿಯಲ್ಲಿ ಅದ್ದಿದಳು. ಫಲಕದ ಹತ್ತಿರ ಹೋದಳು. ಕೈ ಮೇಲೆದ್ದಿತು, ಅಲ್ಲೇ ನಿಂತಿತು. ಕುಂಚದ ತುದಿ ಒಣಗಿತು. ಮತ್ತೆ ಅದ್ದಿದಳು. ಕಿಟಕಿಯವರೆಗೆ ಹೋಗಿ ಬಂದಳು. ಚಪ್ಪಲಿ ಬಿಟ್ಟಳು, ಹಾಕಿಕೊಂಡಳು. ಹನ್ನೊಂದು ವರ್ಷದಿಂದ ಪ್ರತಿ ವರ್ಷದ ಕೊನೆಗೆ ಮೇಲಧಿಕಾರಿಯ ಬಾಗಿಲಲ್ಲಿ ನಿಂತು "ಇನ್ನೊಂದು ವರ್ಷ ಇರಲಾ ಸಾರ್" ಎಂದು ಕೇಳಿದ ಕಾಲುಗಳು ಇವೇ. ಎರಡು ಪದ ಬರೆದರೆ ಆ ನಿಲ್ಲುವುದು ಮುಗಿಯುತ್ತಿತ್ತು.

ಫೋನು ಬಡಿದುಕೊಂಡಿತು. ಅತ್ತೆ. ಬೆಳಗ್ಗಿನಿಂದ ಇದು ನಾಲ್ಕನೆಯದು. ಒಂದು ಸಲ ಬೀಗದ ಕೈ, ಒಂದು ಸಲ ಗ್ಯಾಸಿನವನು, ಇನ್ನೊಂದು ಸಲ ಅವರ ಕನ್ನಡಕ, ಅದು ಅವರ ತಲೆಯ ಮೇಲೇ ಇತ್ತು.

"ಲೇ, ತೊಟ್ಟಿ ತುಂಬಿ ಹರೀತಿದೆ. ನಲ್ಲಿ ಬಿಟ್ಟು ಹೋದೋರು ಯಾರು?"

"ನನಗೆ ಹೇಗೆ ಗೊತ್ತಾಗತ್ತೆ ಅತ್ತೆ? ಮನೇಲಿ ಭಾವ ಇದಾರೆ, ಅಕ್ಕ ಇದಾರೆ, ನಿಮ್ಮ ಮಗ ಇದಾರೆ..."

"ಅವರಿಗೆಲ್ಲ ಏನ್ ಗೊತ್ತು. ನಿನ್ನನ್ನ ಕೇಳಿದ್ದು."

ಯಾಕೆ ಕೇಳಿದಳೋ, ಬಾಯಿಂದ ಬಂದುಬಿಟ್ಟಿತು. "ಅತ್ತೆ, ನಮ್ಮ ಮನೆ ಯಜಮಾನ ಯಾರು?"

"ಇದೆಂಥ ಪ್ರಶ್ನೆ! ನಿಮ್ಮ ಮಾವ."

"ಮಾವ ಹೋಗಿ ಎಂಟು ವರ್ಷ ಆಯ್ತಲ್ಲ."

"ಆಯ್ತು. ಆಮೇಲೆ ಯಾರನ್ನೂ ಮಾಡ್ಲಿಲ್ಲವಲ್ಲ."

"ಮತ್ತೆ ಇಷ್ಟು ದಿನ ಮನೆ ನಡೀತಿರೋದು ಯಾರಿಂದ?"

ಅತ್ತೆಯ ಹಿಂದೆ ನೀರು ಸುರಿಯುವ ಸದ್ದು. "ಅದು ನಂಗೂ ಗೊತ್ತಿಲ್ಲ ಕಣೆ. ನಡೀತಿದೆಯಲ್ಲ, ಸಾಕು. ಬೆಳಗಾದ್ರೆ ಒಲೆ ಹೊತ್ತತ್ತೆ, ಎಲ್ಲರ ತಟ್ಟೆಗೂ ಬೀಳತ್ತೆ. ಈಗ ನಲ್ಲಿ ಎಡಕ್ಕೆ ತಿರುಗಿಸ್ಬೇಕೋ ಬಲಕ್ಕೋ ಅದನ್ನ ಹೇಳು ಮೊದ್ಲು."

"ಬಲಕ್ಕೆ. ಗಟ್ಟಿಯಾಗಿ."

ಫೋನು ಇಟ್ಟು ಅವಳು ನಕ್ಕಳು. ನಗು ಬೇಗ ಇಂಗಿತು. ಎಂಟು ವರ್ಷ. ಸಾವಿರಾರು ವರ್ಷಗಳ ನಂತರ ಯಾರಾದರೂ ಅವಳ ಮನೆ ಅಗೆದು ನೋಡಿದರೆ ಏನು ಸಿಕ್ಕೀತು? ಪಾಚಿ ಕಟ್ಟದ ತೊಟ್ಟಿ, ಜಾಗಕ್ಕೆ ಜಾಗದಲ್ಲಿ ಪಾತ್ರೆ. ಅಲ್ಲೂ ಒಬ್ಬ ದೊಡ್ಡ ಗಂಡಸನ್ನು ಗಾರೆಯಲ್ಲಿ ಎರೆದು ನಡುಮನೆಯಲ್ಲಿ ನಿಲ್ಲಿಸಿ, ಇವನೇ ನಡೆಸಿದ ಎಂದು ಬರೆದಾರು. ಹಾಗಂತ ಸಿಂಧೂ ಊರನ್ನು ಒಬ್ಬ ಸೊಸೆ ನಡೆಸಿದಳು ಎಂದು ಬರೆಯಲು ಇವಳಿಗೇನು ಹಕ್ಕು? ಅದೂ ಸುಳ್ಳೇ. ಗೊತ್ತಿಲ್ಲದ್ದು ಗೊತ್ತಿಲ್ಲ.

ಕುಂಚ ಅದ್ದಿ, ಫಲಕದ ಖಾಲಿ ಮನೆಯಲ್ಲಿ ದಪ್ಪಕ್ಷರದಲ್ಲಿ ಬರೆದಳು: ಗೊತ್ತಿಲ್ಲ.

ಬಡಗಿ ಬಂದು ಓದಿದ. "ಸಾರ್ ನಿನ್ನನ್ನ ಹಸಿಹಸಿಯಾಗೇ ತಿಂದುಹಾಕ್ತಾರೆ," ಎಂದು, ಗಾಜನ್ನು ಇನ್ನೊಮ್ಮೆ ಒರೆಸತೊಡಗಿದ.

ಸಮಿತಿ ನಾಲ್ಕಕ್ಕಲ್ಲ, ನಾಲ್ಕೂವರೆಗೆ ಬಂತು. ಇಬ್ಬರು ಗಂಡಸರು, ಮುಂದೆ ಊರುಗೋಲಿನ ಅಧ್ಯಕ್ಷೆ. ಮೇಲಧಿಕಾರಿಯ ಕಣ್ಣು ಮೊದಲು ಮೂರನೆಯ ಊರಿಗೆ ಹೋಯಿತು, ಆಮೇಲೆ ಫಲಕಕ್ಕೆ, ಆಮೇಲೆ ಇವಳಿಗೆ. ಅವರ ಮುಖ ಸುಟ್ಟ ಬದನೆಕಾಯಿಯಾಯಿತು.

ಅಧ್ಯಕ್ಷೆ ಈಜಿಪ್ಟನ್ನು ನೋಡಿದರು, ಸುಮೇರನ್ನು ನೋಡಿದರು, ಮೂರನೆಯದರ ಮುಂದೆ ಬಗ್ಗಿದರು. "ಇಲ್ಲಿ ರಾಜ ಎಲ್ಲಿ?"

ಗೊಂಬೆಯಕ್ಕ ಮುಷ್ಟಿ ಬಿಚ್ಚಿದಳು. ಬೆವರಿಗೆ ರಾಜನ ಬಣ್ಣ ಅವಳ ಅಂಗೈಗೆ ಹತ್ತಿತ್ತು. "ಇಲ್ಲಿದಾನೆ ಮೇಡಂ. ಎಲ್ಲೂ ಹಿಡಿಸಲಿಲ್ಲ."

ಅಧ್ಯಕ್ಷೆ ಅವನನ್ನು ತೆಗೆದುಕೊಂಡು ತಾವೇ ಒಂದು ಬಾಗಿಲಿಗೆ ಹಿಡಿದು ನೋಡಿದರು. ಸಮಿತಿಯ ಒಬ್ಬಾತ ಆ ಊರಿನ ಕಣಜದ ಪಕ್ಕ ಇಡಿ ಎಂದ. ಇನ್ನೊಬ್ಬಾತ ಅದು ಕಣಜವೋ ಅಲ್ಲವೋ ಎಂಬುದೇ ಜಗಳದಲ್ಲಿದೆ ಎಂದ. ಕಾಲು ಗಂಟೆ ರಾಜ ಕೈಯಿಂದ ಕೈಗೆ ಹೋದ. ಕೊನೆಗೆ ಅಧ್ಯಕ್ಷೆ ಅವನನ್ನು ತಮ್ಮ ಕೈಚೀಲದಲ್ಲಿ ಹಾಕಿಕೊಂಡರು.

"ಆ ಪದ ಹಾಗೇ ಇರ್ಲಿ. ಈ ಊರುಗಳನ್ನ ಕಟ್ಟಿದ್ದು ಯಾರು?"

"ನಮ್ಮ ಸಂಗ್ರಹಾಲಯ," ಎಂದರು ಮೇಲಧಿಕಾರಿ.

"ಸಂಗ್ರಹಾಲಯಕ್ಕೆ ಕೈ ಇರತ್ತೇನ್ರೀ?"

ಮೇಲಧಿಕಾರಿ ಗದ್ದದಿಂದ ಇವಳತ್ತ ತೋರಿಸಿದರು. ಗೊಂಬೆಯಕ್ಕ ಒಂದು ಹೆಜ್ಜೆ ಮುಂದೆ ಬಂದಳು. ಈಗ ಬಿಟ್ಟರೆ ಮತ್ತೆ ಆ ಬಾಗಿಲಲ್ಲೇ ನಿಲ್ಲಬೇಕು. "ಸಾರ್," ಎಂದಳು, "ನನ್ನ ಕಾಗದ ಫೈಲಿನಲ್ಲಿದೆ ಅಂದಿದ್ರಿ."

ಅಧ್ಯಕ್ಷೆ ಕೈ ಚಾಚಿದರು. ನೀಲಿ ಫೈಲು ತೆರೆಯಿತು. ಕೋಣೆಯ ನಕ್ಷೆ, ದೀಪದವನ ಪತ್ರ, ಇವತ್ತಿನ ಉಪಾಹಾರದ ಪಟ್ಟಿ. ಮತ್ತೇನಿರಲಿಲ್ಲ.

"ಅದು... ಇನ್ನೂ ಟೈಪ್ ಆಗಿಲ್ಲ," ಎಂದರು ಮೇಲಧಿಕಾರಿ.

ಗೊಂಬೆಯಕ್ಕ ಆ ಫೈಲನ್ನೇ ನೋಡಿದಳು. ಇಲ್ಲದ ಕಾಗದಕ್ಕಾಗಿ ಇಲ್ಲದ ರಾಜನನ್ನು ನಿಲ್ಲಿಸಲು ಬೆಳಗ್ಗಿನಿಂದ ಒದ್ದಾಡಿದ್ದಳು.

"ಹಾಗಾದ್ರೆ ಈಗ ಟೈಪ್ ಮಾಡಿಸಿ," ಎಂದು ಅಧ್ಯಕ್ಷೆ ಊರುಗೋಲನ್ನು ಗೋಡೆಗೊರಗಿಸಿ ಬಡಗಿಯ ಸ್ಟೂಲಿನ ಮೇಲೆ ಕೂತರು. "ನಂಗೇನೂ ಅವಸರ ಇಲ್ಲ. ಇವರ ಹೆಸರು ಸರಿಯಾಗಿ ಬರೀಲಿ. ನಿಮ್ಮ ಹೆಸರೇನಮ್ಮ?"

ಅವಳು ಹೇಳಿದಳು. ಬಡಗಿ ತಲೆಯೆತ್ತಿ ನೋಡಿದ. ಅಷ್ಟು ವರ್ಷದಲ್ಲಿ ಅವನು ಅದನ್ನು ಕೇಳಿದ್ದು ಅದೇ ಮೊದಲು.

ಪಕ್ಕದ ಕೋಣೆಯಲ್ಲಿ ಟೈಪಿನ ಕೀಲಿಗಳ ಸದ್ದು ಶುರುವಾಯಿತು, ನಿಂತಿತು, ಮತ್ತೆ ಶುರುವಾಯಿತು. ಅವಳಿಗೆ ಕೂರಲಾಗಲಿಲ್ಲ. ಮೂರನೆಯ ಊರಿನ ಸುತ್ತ ಒಂದು ಸುತ್ತು ಬಂದಳು, ಸಡಿಲಾಗಿದ್ದ ಚರಂಡಿಯ ಕಲ್ಲೊಂದನ್ನು ಬೆರಳ ತುದಿಯಿಂದ ಒತ್ತಿ ಕೂರಿಸಿದಳು, ಕಿವಿ ಪಕ್ಕದ ಕೋಣೆಯಲ್ಲೇ ಇತ್ತು. ಕೈಯಲ್ಲಿ ಫೋನು ಮತ್ತೆ ಅದುರತೊಡಗಿತು. ಅತ್ತೆ.