ಶೇಡಕ್ಕ ತನ್ನ ಬಣ್ಣ ತಾನೇ ಬೆರೆಸಿಕೊಂಡಿದ್ದು

ಬಣ್ಣದ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಶೇಡಕ್ಕ ಅಂತಲೇ ಕರೆಯುತ್ತಿದ್ದರು. ಹದಿನೇಳು ವರ್ಷಗಳಿಂದ ಅಲ್ಲಿ ಗೋಡೆಬಣ್ಣ ಬೆರೆಸುವ ಕೆಲಸ ಅವಳದು. ಯಾರಾದರೂ ಹಳೆಯ ಗೋಡೆಯಿಂದ ಕೆರೆದ ಉಗುರಗಲದ ಚಕ್ಕೆ ತಂದು ಮುಂದಿಟ್ಟರೆ ಸಾಕು, ಶೇಡ್ ಕಾರ್ಡು ಬಿಚ್ಚುವ ಗೋಜಿಗೂ ಹೋಗದೆ, ಬಿಳಿ ಬೇಸ್ ಪೇಂಟಿಗೆ ಯಾವ ಬಣ್ಣ ಎಷ್ಟು ಹನಿ ಬೀಳಬೇಕೆಂದು ಬಾಯಲ್ಲೇ ಹೇಳಿಬಿಡುತ್ತಿದ್ದಳು. ಯಂತ್ರ ಅವಳು ಹೇಳಿದಷ್ಟು ಹನಿಸುತ್ತಿತ್ತು. ಡಬ್ಬಿ ಗಡಗಡ ಅಲುಗಾಡಿ ಹೊರಬಂದ ಮೇಲೆ ಹಳೆಯದು ಯಾವುದು, ಹೊಸದು ಯಾವುದು ಎಂದು ಚಕ್ಕೆ ತಂದವರಿಗೇ ತಿಳಿಯುತ್ತಿರಲಿಲ್ಲ. ತನ್ನ ಕಣ್ಣಿನ ಬಗ್ಗೆ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಅನುಮಾನ ತಂದದ್ದು ಒಂದು ಫೋಟೊ.

ಅಂಗಡಿಗೆ ಹೊಸ ಬೋರ್ಡು ಹಾಕಿಸಬೇಕೆಂದು ಯಜಮಾನರಿಗೆ ಮನಸ್ಸಾಗಿತ್ತು. "ನಮ್ಮ ಅಂಗಡಿ ಹೆಸರು ಯಾರಿಗೆ ನೆನಪಿರುತ್ತೆ? ಎಲ್ರೂ ಶೇಡಕ್ಕನ ಅಂಗಡಿ ಅಂತಾನೇ ಅನ್ನೋದು. ಬೋರ್ಡಿಗೆ ನಿಮ್ಮ ಫೋಟೊನೇ ಹಾಕ್ಸೋಣ," ಎಂದಿದ್ದರು. ಫೋಟೊದವನು ಬಂದು ಅವಳ ಕೈಗೆ ಬ್ರಷ್ಷು ಕೊಟ್ಟು, ಗೋಡೆಗೆ ಒತ್ತಿ ನಿಲ್ಲಿಸಿ ಫೋಟೊ ತೆಗೆದುಕೊಂಡು ಹೋದ. ಮೂರು ದಿನದ ನಂತರ ಫೋಟೊ ಬಂತು. ಗೋಡೆ ಕೆನೆ ಬಣ್ಣ, ಅವಳ ಅಂಗಿ ಬಿಸ್ಕತ್ತಿನ ಬಣ್ಣ. ಮೈ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಯಿತು ಎಂದು ಹುಡುಕಬೇಕು. ಒಂದು ಮುಖ, ಎರಡು ಕೈ, ಒಂದು ಬ್ರಷ್ಷು ಗಾಳಿಯಲ್ಲಿ ತೇಲುತ್ತಿದ್ದವು.

ಯಜಮಾನರು ಫೋಟೊವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ಏನ್ ಶೇಡಕ್ಕ, ಊರಿಗೆಲ್ಲ ಬಣ್ಣ ಹೇಳೋರು ನೀವೇ ಪ್ರೈಮರ್ ಹೊಡೆದು ಬಿಟ್ಟ ಗೋಡೆ ಥರ ನಿಂತಿದೀರಲ್ಲ! ಮುಂದಿನ ವಾರ ಇನ್ನೊಂದ್ಸಲ ತೆಗೆಸೋಣ. ಬೇರೆ ಏನಾದ್ರೂ ಹಾಕ್ಕೊಂಡು ಬನ್ನಿ."

ತಮಾಷೆಗೆ ಅಂದ ಮಾತು. ಅವಳೂ ನಕ್ಕಳು. ಆದರೆ ಮನೆಗೆ ಬಂದು ಬೀರುವಿನ ಬಾಗಿಲು ತೆಗೆದಾಗ ಆ ನಗು ಅಲ್ಲೇ ಒಣಗಿತು. ಕೆನೆ, ಬಿಸ್ಕತ್ತು, ಬೂದಿ, ನೀರು ಜಾಸ್ತಿಯಾದ ಕಾಫಿ. ಬೇರೆ ಅನ್ನುವಂಥದ್ದು ಒಂದೂ ಇರಲಿಲ್ಲ.

ಇದು ಅವಳು ಆರಿಸಿಕೊಂಡದ್ದಲ್ಲ. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದವಳು ದೊಡ್ಡಮ್ಮ. ಮನೆಮಂದಿಯೆಲ್ಲ ಬೆನ್ನಹಿಂದೆ ದೊಡ್ಡಮ್ಮನನ್ನು ಹೈಕೋರ್ಟು ಎನ್ನುತ್ತಿದ್ದರು. ಅದರ ಮೇಲೆ ಇನ್ನೊಂದು ಕೋರ್ಟು ಇದೆ ಅನ್ನುವುದೇ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹನ್ನೊಂದು ವರ್ಷದವಳಿದ್ದಾಗ ಬಟ್ಟೆ ಅಂಗಡಿಯಲ್ಲಿ ಒಂದು ಕೆಂಪು ಲಂಗಕ್ಕೆ ಅವಳು ಕೈ ಚಾಚಿದ್ದಳು. ದೊಡ್ಡಮ್ಮ ಆ ಕೈ ಹಿಡಿದು ಕೆಳಗಿಳಿಸಿ, "ನಿನ್ನ ಮೈಬಣ್ಣಕ್ಕೆ ಇದೆಲ್ಲ ಒಪ್ಪಲ್ಲ. ಇನ್ನೂ ಕಪ್ಪಗೆ ಕಾಣ್ತೀಯ. ತಿಳಿ ಬಣ್ಣ ಹಾಕ್ಕೊಂಡು ಸುಮ್ನೆ ಇರು," ಎಂದಿದ್ದಳು. ಅಂದಿನಿಂದ ಮೂವತ್ತೈದು ವರ್ಷ ಆ ತೀರ್ಪಿನ ಮೇಲೆ ಯಾರೂ ಚಕಾರ ಎತ್ತಿರಲಿಲ್ಲ, ಅವಳೂ ಸೇರಿ.

ಅವತ್ತು ಊಟಕ್ಕೆ ಕೂತಾಗ ಗಂಡನನ್ನು ಕೇಳಿದಳು. ಅವನು ಬಸ್ ಡ್ರೈವರು, ಮಿತಭಾಷಿ.

"ರೀ, ನನಗೆ ಯಾವ ಬಣ್ಣ ಒಪ್ಪುತ್ತೆ?"

"ನಿಂಗಾ? ಏನ್ ಹಾಕ್ಕೊಂಡ್ರೂ ಒಪ್ಪುತ್ತೆ."

"ಹೌದಾ? ಹಾಗಾದ್ರೆ ಕಣ್ ಮುಚ್ಕೊಳ್ಳಿ. ಈಗ ನಾನು ಯಾವ ಬಣ್ಣ ಹಾಕ್ಕೊಂಡಿದೀನಿ ಹೇಳಿ ನೋಡೋಣ."

ಅವನು ತುತ್ತು ಕೈಯಲ್ಲೇ ಹಿಡಿದು ಕಣ್ಣು ಮುಚ್ಚಿದ. ಬಹಳ ಹೊತ್ತು ಯೋಚಿಸಿದ. "ಅದೇ... ಯಾವಾಗ್ಲೂ ಹಾಕ್ಕೋತೀಯಲ್ಲ, ಅದು," ಎಂದ.

ಪಾಪ, ಸುಳ್ಳು ಹೇಳಲಿಲ್ಲ. ಅವಳಿಗೆ ಸಿಟ್ಟೂ ಬರಲಿಲ್ಲ. ತಟ್ಟೆ ಎತ್ತುತ್ತಾ ಅವಳು ತೀರ್ಮಾನ ಮಾಡಿಬಿಟ್ಟಳು: ಗೋಡೆಗೆ ಬಣ್ಣ ಆರಿಸುವಾಗ ಯಾರ ಬಾಯಿಮಾತನ್ನೂ ನಾನು ನಂಬುವುದಿಲ್ಲ. ಅಗಲಕ್ಕೆ ಬಳಿದು, ಒಣಗಿಸಿ, ಹಗಲು ಬೆಳಕಿನಲ್ಲಿ ನೋಡುತ್ತೇನೆ. ಮುಖಕ್ಕೆ ಮಾತ್ರ ಬೇರೆ ನ್ಯಾಯ ಯಾಕೆ?

ಮರುದಿನ ಗಿರಾಕಿಗಳು ಕಡಿಮೆ ಇರುವ ಹೊತ್ತು ನೋಡಿ ಹನ್ನೊಂದು ದೊಡ್ಡ ರಟ್ಟು ತೆಗೆದುಕೊಂಡಳು. ತೆರೆದಿದ್ದ ಡಬ್ಬಿಗಳಿಂದ ಒಂದೊಂದಕ್ಕೆ ಒಂದೊಂದು ಬಣ್ಣ ಬಳಿದಳು. ಹಸಿ ಬಣ್ಣವನ್ನು ನಂಬುವ ಹಾಗಿಲ್ಲ, ಒಣಗಿದರೆ ಒಂದು ಗುಲಗಂಜಿಯಷ್ಟು ಕಪ್ಪಾಗುತ್ತದೆ. ಕೂದಲು ಒಣಗಿಸುವ ಯಂತ್ರ ಹಿಡಿದು ಹನ್ನೊಂದನ್ನೂ ಒಣಗಿಸಿ ಗೋಡೆಗೆ ಒರಗಿಸಿದಳು. ಅಷ್ಟರಲ್ಲಿ ಹೆಡ್‌ಮೇಡಂ ಒಳಗೆ ಬಂದರು. ನಿವೃತ್ತರಾದ ಹೆಡ್‌ಮಿಸ್ಟ್ರೆಸ್ಸು. ಅಡುಗೆಮನೆಗೆ ಯಾವ ಹಳದಿ ಎಂದು ತೀರ್ಮಾನವಾಗದೆ ಅದು ಅವರ ಐದನೆಯ ಭೇಟಿ.

"ಮೇಡಂ, ನಿಮ್ಮ ಹಳದಿ ಆಮೇಲೆ ನೋಡೋಣ. ಮೊದ್ಲು ನನಗೆ ಮಾರ್ಕ್ಸ್ ಹಾಕ್ಬೇಕು ನೀವು," ಎಂದು ಶೇಡಕ್ಕ ಅವರನ್ನು ಬಾಗಿಲಿನ ಬೆಳಕಿಗೆ ಕರೆದುಕೊಂಡು ಹೋದಳು. "ರಟ್ಟು ನೋಡ್ಬೇಡಿ. ನನ್ನ ಮುಖ ನೋಡಿ. ಹತ್ತಕ್ಕೆ ಎಷ್ಟು ಅಂತ ಹೇಳಿ. ದಾಕ್ಷಿಣ್ಯ ಬೇಡ."

"ದಾಕ್ಷಿಣ್ಯ ಮಾಡಿದ್ರೆ ಮೂವತ್ತು ವರ್ಷ ಶಾಲೆ ನಡೆಸೋಕೆ ಆಗ್ತಿತ್ತೇನಮ್ಮ?" ಎಂದು ಹೆಡ್‌ಮೇಡಂ ಕನ್ನಡಕ ಏರಿಸಿ ಸ್ಟೂಲಿನ ಮೇಲೆ ಕೂತರು.

ಶೇಡಕ್ಕ ಮೊದಲು ಬಿಸ್ಕತ್ತಿನ ಬಣ್ಣವನ್ನು ಗಲ್ಲದ ಕೆಳಗೆ ಹಿಡಿದಳು.

"ಎರಡು. ಜ್ವರ ಬಿಟ್ಟು ಎದ್ದು ಬಂದ ಹಾಗಿದೆ."

ಬೂದಿಗೆ ಮೂರು ಸಿಕ್ಕಿತು. ತಿಳಿಗುಲಾಬಿಗೆ ಎರಡೂವರೆ. ನವಿಲುನೀಲಿಯ ಸರದಿ ಬಂದಾಗ ಅವಳು ರಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಎಷ್ಟೋ ವರ್ಷಗಳಿಂದ ಒಳಗೊಳಗೇ ಆಸೆ ಇಟ್ಟುಕೊಂಡಿದ್ದ ಬಣ್ಣ ಅದು. ಇವತ್ತಲ್ಲ ನಾಳೆ ತೊಟ್ಟೇ ತೊಡುತ್ತೇನೆ ಎಂದುಕೊಂಡಿದ್ದಳು.

ಹೆಡ್‌ಮೇಡಂ ತಲೆ ಓರೆ ಮಾಡಿದರು. "ಬಣ್ಣ ಬಹಳ ಚೆನ್ನಾಗಿದೆ. ಆದ್ರೆ ಬಣ್ಣ ಕಾಣುತ್ತೆ, ನೀನು ಕಾಣಲ್ಲ. ನಾಲ್ಕು."

"ನಾಲ್ಕೇನಾ? ಇನ್ನೊಂದ್ಸಲ ನೋಡಿ ಮೇಡಂ."

"ನಾಲ್ಕು ಅಂದ್ರೆ ನಾಲ್ಕೇ."

ಅವಳಿಗೆ ಕಸಿವಿಸಿಯಾಯಿತು. ಕಿಟಕಿ ಗಾಜಿನಲ್ಲಿ ತಾನೇ ನೋಡಿಕೊಂಡಳು. ಹೆಡ್‌ಮೇಡಂ ಹೇಳಿದ್ದು ನಿಜ. ಬೇರೆಯವರ ಗೋಡೆಯಾಗಿದ್ದರೆ ತಾನೂ ಅದನ್ನೇ ಹೇಳುತ್ತಿದ್ದಳು. ರಟ್ಟು ಕೆಳಗಿಟ್ಟು ಮುಂದಿನದು ಎತ್ತಿಕೊಂಡಳು. ಕಿತ್ತಳೆಗೆ ಆರು ಬಂತು, "ಆದ್ರೆ ಸ್ವಲ್ಪ ಕಿರುಚುತ್ತೆ". ಕಂದುಗೆಂಪಿಗೆ ಏಳು.

ಅಲ್ಲಿಗೆ ಅವಳ ಕಣ್ಣು ತನ್ನ ಕಸುಬಿಗೆ ಇಳಿಯಿತು. ತಿಳಿ ಬಣ್ಣಗಳು, ನೀಲಿಯಂಥ ತಣ್ಣನೆಯ ಬಣ್ಣಗಳು ಎಲ್ಲ ಸೋತಿದ್ದವು. ಕೆಂಪು ಕಡೆಯ ಬಿಸಿ ಬಣ್ಣಗಳು ಗೆದ್ದಿದ್ದವು, ಅದರಲ್ಲೂ ಸ್ವಲ್ಪ ಮಣ್ಣು ಬೆರೆತದ್ದು ಹೆಚ್ಚು. ಹಾಗಾದರೆ ತನಗೆ ಬೇಕಾದದ್ದು ಆರು ಮತ್ತು ಏಳರ ಆಸುಪಾಸಿನಲ್ಲೇ ಎಲ್ಲೋ ಇದೆ, ಇನ್ನೂ ಗಾಢವಾಗಿ. ಚಿಕ್ಕ ಡಬ್ಬಿಯೊಂದನ್ನು ಯಂತ್ರದ ಕೆಳಗಿಟ್ಟಳು. ಕೆಂಪು ಹನಿಸಿದಳು, ಮಣ್ಣುಹಳದಿ ಹನಿಸಿದಳು, ಕೊನೆಗೆ ಕಪ್ಪು ಎರಡೇ ಹನಿ. ಅಲುಗಾಡಿಸಿ, ಹನ್ನೆರಡನೆಯ ರಟ್ಟಿಗೆ ಬಳಿದು, ಒಣಗಿಸಿ ಬಾಗಿಲಿಗೆ ಬಂದಳು. ಗೂಡಿನಿಂದ ಆಗ ತಾನೇ ತೆಗೆದ ಇಟ್ಟಿಗೆಯ ಬಣ್ಣ.

ಹೆಡ್‌ಮೇಡಂ ಕನ್ನಡಕ ಒರೆಸಿ ಹಾಕಿಕೊಂಡರು. ಸ್ಟೂಲಿನಿಂದ ಎದ್ದು ಹತ್ತಿರ ಬಂದರು.

"ಇಷ್ಟು ದಿನ ನಿನ್ನ ಕಣ್ಣು ಇಷ್ಟು ಹೊಳೆಯೋದು ನಾನು ನೋಡೇ ಇರ್ಲಿಲ್ಲ ಕಣಮ್ಮ," ಎಂದರು. "ನಾನು ಯಾರಿಗೂ ಹತ್ತಕ್ಕೆ ಹತ್ತು ಕೊಟ್ಟೋಳಲ್ಲ. ಒಂಬತ್ತೂವರೆ ಬರ್ಕೋ."

ಒಣಗಿದ ರಟ್ಟಿನಿಂದ ಅಂಗೈಯಗಲ ಕತ್ತರಿಸಿ ಚೀಲಕ್ಕೆ ಹಾಕಿಕೊಂಡು ಸಂಜೆ ಬೆಳಕು ಆರುವ ಮೊದಲೇ ಅವಳು ನೇರವಾಗಿ ಬಟ್ಟೆ ಅಂಗಡಿಗೆ ಹೋದಳು. ಅಂಗಡಿಯವನು ಅವಳನ್ನು ಮೇಲಿಂದ ಕೆಳಗೆ ನೋಡಿ ಕೆನೆ ಬಣ್ಣದ ಬಟ್ಟೆಯ ತಾನನ್ನೇ ಉರುಳಿಸಿದ. "ನಿಮಗೆ ತಿಳಿ ಬಣ್ಣವೇ ಚೆಂದ ಮೇಡಂ, ಗಾಢ ಆದ್ರೆ—"

"ನನಗೆ ಏನು ಒಪ್ಪುತ್ತೆ ಅಂತ ನನಗೆ ಗೊತ್ತು, ನೀವು ತೊಂದ್ರೆ ತಗೋಬೇಡಿ," ಎಂದು ಅವಳು ತುಂಡನ್ನು ಮೇಜಿನ ಮೇಲಿಟ್ಟಳು. "ಇದು ಬೇಕು. ಇದರ ಅಕ್ಕತಂಗಿ ಬೇಡ, ಇದೇ ಬೇಕು."

ಅವನು ಆರು ತಾನು ಇಳಿಸಿದ. ಆರನ್ನೂ ಒಂದೊಂದಾಗಿ ಬಾಗಿಲಿನ ಬೆಳಕಿಗೆ ಹೊರಿಸಿ ತುಂಡಿನ ಪಕ್ಕ ಇಟ್ಟು ನೋಡಿದಳು. ಆರನೆಯದು ಒಪ್ಪಿತು. ಟೈಲರಮ್ಮ ಎರಡು ದಿನದಲ್ಲಿ ಹೊಲಿದುಕೊಟ್ಟಳು.

ಫೋಟೊದ ದಿನ ಬೆಳಿಗ್ಗೆ ಹೊಸ ಅಂಗಿ ತೊಟ್ಟು ಅವಳು ಮೊದಲು ಹೋದದ್ದು ದೊಡ್ಡಮ್ಮನ ಮನೆಗೆ. ಹೋಗಲೇಬೇಕೆಂದು ಯಾರೂ ಹೇಳಿರಲಿಲ್ಲ. ಆದರೆ ಕದ್ದು ತೊಟ್ಟ ಹಾಗೆ ಆಗಬಾರದು ಎಂದು ಅವಳಿಗೆ ಅನಿಸಿತ್ತು.

ದೊಡ್ಡಮ್ಮ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು. ಎಂಬತ್ತೊಂದು ವರ್ಷ, ಮಂಡಿ ಕೈಕೊಟ್ಟಿತ್ತು, ನಾಲಗೆ ಮಾತ್ರ ಗಟ್ಟಿಯಾಗಿತ್ತು.

"ಇದೇನೇ ಇದು?"

"ಹೊಸ ಅಂಗಿ ದೊಡ್ಡಮ್ಮ."

"ಬೀದಿ ಆ ತುದಿಯಿಂದ ಕಾಣ್ತಿದೀಯ."

"ಕಾಣ್ಲಿ ಅಂತಾನೇ ಹೊಲಿಸಿದ್ದು."

ದೊಡ್ಡಮ್ಮ ಚಾಚಿದ್ದ ಕಾಲು ಎಳೆದುಕೊಂಡು ಜಾಗ ಮಾಡಿದಳು. ಶೇಡಕ್ಕ ಅವಳ ಪಕ್ಕ ಮಣೆ ಎಳೆದುಕೊಂಡು ಕೂತು ಕೇಳಿದಳು: "ಆವತ್ತು ಯಾಕೆ ಹಾಗೆ ಹೇಳ್ದೆ ದೊಡ್ಡಮ್ಮ? ಕೆಂಪು ಲಂಗ ನೆನಪಿದೆಯಾ?"

"ನೆನಪಿಲ್ದೆ ಏನು," ಎಂದಳು ದೊಡ್ಡಮ್ಮ. ದನಿ ಇಳಿದಿತ್ತು. "ತಾಯಿ ಇಲ್ಲದ ಮಗು. ಮನೆ ತುಂಬ ಬೆಳ್ಳಗಿರೋ ಮಕ್ಕಳು. ಬಂದೋರೆಲ್ಲ ನಿನ್ನ ಬಣ್ಣದ ಮೇಲೇ ಮಾತಾಡೋರು. ಯಾರ ಕಣ್ಣಿಗೂ ಬೀಳ್ದಿದ್ರೆ ಯಾರೂ ಏನೂ ಅನ್ನಲ್ಲ ಅಂದ್ಕೊಂಡೆ. ನಿನ್ನ ಕಾಪಾಡ್ತಿದೀನಿ ಅಂತ ಇತ್ತು ನನ್ನ ತಲೇಲಿ. ಅನ್ನೋರ ಬಾಯಿ ಮುಚ್ಚಿಸೋದು ಬಿಟ್ಟು ನಿನ್ನನ್ನ ಮುಚ್ಚಿಟ್ಟೆ."

ದೊಡ್ಡಮ್ಮನಿಂದ ಇಂಥ ಮಾತು ಬರುತ್ತದೆ ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ದೊಡ್ಡಮ್ಮನ ಕೈ ಹಿಡಿದುಕೊಂಡಳು. ದೊಡ್ಡಮ್ಮ ಕೈ ಬಿಡಿಸಿಕೊಂಡು ಅಂಗಿಯ ತೋಳನ್ನು ಬೆರಳಲ್ಲಿ ಹೊಸಕಿ ನೋಡಿದಳು.

"ಬಣ್ಣ ಪರವಾಗಿಲ್ಲ," ಎಂದಳು. "ತೋಳು ಒಂದಿಂಚು ಉದ್ದ ಆಯ್ತು. ಟೈಲರಿಗೆ ಕಣ್ಣಿಲ್ವಾ?"

ಮಧ್ಯಾಹ್ನ ಫೋಟೊ ತೆಗೆದರು. ಈ ಸಲ ಅವಳೇ ಗೋಡೆಯಿಂದ ಎರಡು ಹೆಜ್ಜೆ ಮುಂದೆ ಬಂದು, ಬೆಳಕು ಎಲ್ಲಿಂದ ಬರಬೇಕೆಂದು ಫೋಟೊದವನಿಗೆ ಹೇಳಿ ನಿಂತಳು. ಹತ್ತು ದಿನದಲ್ಲಿ ಬೋರ್ಡು ಮೇಲೇರಿತು. ಅವಳ ಗಂಡ ಅವತ್ತು ಮನೆಗೆ ಬಂದವನೇ ಚಪ್ಪಲಿ ಬಿಡುವುದಕ್ಕೂ ಮೊದಲು, "ತಿರುವಿನಲ್ಲೇ ಕಾಣ್ತೀಯ ಕಣೇ. ಮುಂದಿನ ಸೀಟಿನವರಿಗೆಲ್ಲ ತೋರಿಸ್ದೆ. ಇಟ್ಟಿಗೆ ಬಣ್ಣದ ಅಂಗಿ, ನನ್ನ ಹೆಂಡ್ತಿ ಅಂತ," ಎಂದ. ಬಣ್ಣದ ಹೆಸರು ಸರಿಯಾಗಿಯೇ ಹೇಳಿದ್ದ.

ಮರುವಾರ ಹೊಸ ಮನೆ ಕಟ್ಟಿಸುತ್ತಿದ್ದವರೊಬ್ಬರು ಅಂಗಡಿಗೆ ಬಂದು ಬೋರ್ಡಿನ ಕಡೆ ಕೈ ತೋರಿಸಿದರು. "ನಮ್ಮ ಮನೆ ಹಾಲ್‌ಗೆ ಆ ಅಂಗಿ ಬಣ್ಣವೇ ಬೇಕು. ನಾಲ್ಕು ಡಬ್ಬಿ."

ನಾಲ್ಕು ಡಬ್ಬಿ ಎಂದ ಕೂಡಲೇ ಯಜಮಾನರು ಆಸೆಯಿಂದ ಶೇಡಕ್ಕನ ಮುಖ ನೋಡಿದರು. ಅವಳು ಗಿರಾಕಿಗೆ ಕುರ್ಚಿ ಕೊಟ್ಟು, ಹಾಲ್ ಎಷ್ಟು ಅಗಲ, ಕಿಟಕಿ ಯಾವ ದಿಕ್ಕಿಗೆ, ಎಷ್ಟು ಜನ ಇರುತ್ತೀರಿ ಎಂದು ಎಲ್ಲ ವಿಚಾರಿಸಿಕೊಂಡಳು.

"ಅದು ನಿಮ್ಮ ಹಾಲ್‌ಗೆ ಆಗಿಬರಲ್ಲ," ಎಂದಳು. "ಕಿಟಕಿ ಒಂದೇ ಇದೆ, ಕತ್ತಲೆ ಆಗುತ್ತೆ. ಅದು ನನ್ನ ಮುಖಕ್ಕೆ ಅಂತ ಬೆರೆಸಿದ್ದು. ನಿಮ್ಮ ಗೋಡೆಗೆ ಅಂತ ಬೇರೆ ಬೆರೆಸ್ತೀನಿ, ಕೂತ್ಕೊಳ್ಳಿ," ಎಂದು ತೋಳು ಮಡಚಿಕೊಂಡು ಬಿಳಿ ಬೇಸ್ ಪೇಂಟಿನ ಡಬ್ಬಿಯ ಮುಚ್ಚಳ ಮೀಟಿ ತೆಗೆದಳು.