ಆಣೆ ಇಡದ ಪೈಲ್ವಾನ

ಸಣ್ಣಸ್ವಾಮಿ ಕುಡಿತ ಬಿಟ್ಟದ್ದಕ್ಕೆ ಫ್ರೇಸರ್‌ಪೇಟೆಯಲ್ಲಿ ಖುಷಿಪಡದವನು ಶಿವಶಂಕರಪ್ಪ ಒಬ್ಬನೇ.

ಶಿವಶಂಕರಪ್ಪ ಗರಡಿಯ ಉಸ್ತಾದ್. ಹಾಸನದ ಕಡೆಯಿಂದ ಬಂದು ಹೊಳೆಯ ಪಕ್ಕ ಜಮೀನು ಮಾಡಿಕೊಂಡವರ ಹುಡುಗರನ್ನೆಲ್ಲ ಕೆಮ್ಮಣ್ಣಿನಲ್ಲಿ ಹೊರಳಿಸಿ ಬೆಳೆಸಿದವನು. ಅವರಲ್ಲಿ ಕುಸ್ತಿಯನ್ನೇ ಕಸುಬು ಮಾಡಿಕೊಂಡವನು ಸಣ್ಣಸ್ವಾಮಿ. ಮೈಸೂರಿನಿಂದ ಕೊಲ್ಹಾಪುರದವರೆಗೆ ಆಡಿ ಬಂದ ಮೈ ಅದು. ಈಗ ಕಿವಿ ಮುದುರಿತ್ತು, ಮಂಡಿ ಸವೆದಿತ್ತು, ವಯಸ್ಸು ನಲವತ್ತರ ಹತ್ತಿರ ಬಂದಿತ್ತು.

ಎರಡು ವರ್ಷದ ಕೆಳಗೆ ಹುಣಸೂರಿನ ಹುಡುಗನೊಬ್ಬನ ಕತ್ತನ್ನು ತೋಳಿನಲ್ಲಿ ಸಿಕ್ಕಿಸಿ ತಿರುಗಿಸಿ ಗೆದ್ದಿದ್ದ. ಆ ಹುಡುಗ ಮತ್ತೆ ಏಳಲಿಲ್ಲ. ಇವತ್ತಿಗೂ ಚಾಪೆಯ ಮೇಲೇ ಇದ್ದಾನೆ. ಅಲ್ಲಿಂದ ಸಣ್ಣಸ್ವಾಮಿಗೆ ಸಾರಾಯಿ, ಹೆಂಡತಿ ನಿಂಗಮ್ಮನ ಬೆನ್ನಿಗೆ ಬಾಸುಂಡೆ. ಈ ಸಲದ ಮಳೆ ನಿಂತ ಮೇಲೆ ಎರಡೂ ಒಟ್ಟಿಗೇ ನಿಂತವು.

"ಹೊಡೀತಿಲ್ಲ, ಬಯ್ತಿಲ್ಲ, ಉಂಡ ತಟ್ಟೇನೂ ಅವ್ರೇ ತೊಳೀತವ್ರೆ. ನಂಗೆ ಕೈಕಾಲೇ ಆಡ್ತಿಲ್ಲ ಕಣಣ್ಣ. ಯಾವಳಾದ್ರೂ ಸಿಕ್ಕವ್ಳಾ?" ಎಂದು ನಿಂಗಮ್ಮ ಗರಡಿಯ ಬಾಗಿಲಿಗೇ ಬಂದು ಕೇಳಿದಳು.

"ಹೆಂಗಸು ಸಿಕ್ಕಿದ್ರೆ ಅವಳ ತಟ್ಟೆ ತೊಳೀತಿದ್ದ. ಮನೇದಲ್ಲ," ಎಂದ ಶಿವಶಂಕರಪ್ಪ.

ಅವನ ಅನುಮಾನವೇ ಬೇರೆ. ಊರ ಮೈದಾನದಲ್ಲಿ ಮೈಸೂರಿನ ನಾಗರಾಜುವಿಗೂ ಸಣ್ಣಸ್ವಾಮಿಗೂ ಕುಸ್ತಿ ಗೊತ್ತಾಗಿತ್ತು. ಜೋಡಿ ಕಟ್ಟಿದವನು ಶಿವಶಂಕರಪ್ಪನೇ. ತನ್ನ ಕಡೆಯವನು ದುಡ್ಡು ತಗೊಂಡು ಬೇಕೆಂದೇ ಸೋತು ಕುಸ್ತಿ ಮಾರಿಕೊಂಡರೆ ಜೋಡಿ ಕಟ್ಟಿದವನ ಗರಡಿಗೇ ಕಳಂಕ. ಇವನೋ ಭಾನುವಾರ ಬಂದರೆ ಯಾರಿಗೂ ಹೇಳದೆ ಸಿದ್ದಾಪುರದ ಬಸ್ಸು ಹತ್ತುತ್ತಿದ್ದ. ನಾಗರಾಜುವನ್ನು ಸಾಕುವ ಸಾಹುಕಾರನಿಗೆ ಆ ಕಡೆಯ ಎಸ್ಟೇಟುಗಳಲ್ಲಿ ನೆಂಟರಿದ್ದರು.

ಮುಂದಿನ ಭಾನುವಾರ ಶಿವಶಂಕರಪ್ಪ ಕಂಬಳಿ ಹೊದ್ದು ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತ. ಸಣ್ಣಸ್ವಾಮಿ ಕಾಫಿ ತೋಟದ ನಡುವೆ ಒಂದು ತಿರುವಿನಲ್ಲಿ ಇಳಿದು, ಹೆಂಚಿನ ಸಣ್ಣ ಕಟ್ಟಡದೊಳಗೆ ಹೋದ. ಮೇಲೆ ಮರದ ಶಿಲುಬೆಯಿತ್ತು. ತೋಟದ ಲೈನುಮನೆಗಳಲ್ಲಿರುವ ಆಳುಗಳು ಒಬ್ಬೊಬ್ಬರಾಗಿ ಬಂದು ಸೇರಿದರು. ಶಿವಶಂಕರಪ್ಪ ಸಿಲ್ವರ್ ಓಕ್ ಮರದ ಮರೆಯಿಂದ ನೋಡಿದ. ಕೊನೆಯ ಬೆಂಚಿನಲ್ಲಿ ಆ ದೊಡ್ಡ ಬೆನ್ನು ಬಾಗಿ ಕೂತಿತ್ತು. ಯಾರೂ ಬಂದು ಅವನ ಕಿವಿಯಲ್ಲಿ ಏನೂ ಹೇಳಲಿಲ್ಲ. ಯಾರೂ ಅವನ ಕೈಗೆ ಏನೂ ಕೊಡಲಿಲ್ಲ. ಹಾಡು ಮುಗಿಯಿತು, ಜನ ಹೊರಬಂದರು.

ಏನೂ ನಡೆಯದೇ ಇದ್ದದ್ದೇ ಶಿವಶಂಕರಪ್ಪನಿಗೆ ಹಿಡಿಸಲಿಲ್ಲ. ರಸ್ತೆಯಲ್ಲಿ ಅಡ್ಡ ನಿಂತ.

"ಏನ್ಲಾ ಇದು?"

"ನೀವು ಬಸ್ಸಲ್ಲಿ ಕೆಮ್ಮಿದಾಗ್ಲೇ ಗೊತ್ತಾಯ್ತು ಉಸ್ತಾದ್ರೇ. ಒಳಗೆ ಬಂದು ಕೂರ್ತೀರೇನೋ ಅಂದ್ಕೊಂಡೆ."

"ಏನು ಕೊಟ್ರು ನಿಂಗೆ?"

"ಏನೂ ಇಲ್ಲ."

"ಏನೂ ಕೊಡದೆ ಯಾರು ಯಾರನ್ನ ಸೇರಿಸ್ಕೊತಾರೆ?"

"ನಾನೂ ಅದನ್ನೇ ಕೇಳ್ದೆ. ಇಲ್ಲಿ ಪ್ರಾರ್ಥನೆ ನಡೆಸೋ ಉಪದೇಶಿ ನಕ್ಕುಬಿಟ್ರು." ಸಣ್ಣಸ್ವಾಮಿ ಶಿಲುಬೆಯ ಕಟ್ಟಡದ ಕಡೆ ಕೈ ತೋರಿಸಿದ. "ಒಂದಿನ ಕುಡಿದು ಯಾವ್ದೋ ಬಸ್ಸು ಹತ್ತಿ ಬಂದು ಆ ಮೆಟ್ಟಿಲ ಮೇಲೆ ಬಿದ್ದಿದ್ದೆ. ಎಬ್ಬಿಸಿ ಕಾಫಿ ಕೊಟ್ರು. ಹುಣಸೂರಿನ ಹುಡುಗನ ವಿಷಯ ಹೇಳ್ದೆ. ಎಲ್ರೂ ಕುಸ್ತೀಲಿ ಅದೆಲ್ಲ ಇದ್ದದ್ದೇ ಅಂತಿದ್ರು. ಇವರೊಬ್ರೇ, ಹೌದು, ನೀನೇ ಮಾಡಿದ್ದು ಅಂದ್ರು. ಅಂದ ಮೇಲೂ ಪಕ್ಕದಲ್ಲೇ ಕೂತಿದ್ರು."

ಇದ್ದದ್ದೇ ಎಂದವರಲ್ಲಿ ಶಿವಶಂಕರಪ್ಪ ಮೊದಲಿಗ. ವಾಪಸು ಬರುವಾಗ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು; ಅವರು ಶಿಲುಬೆಯ ಕಟ್ಟಡದ ಮುಂದೆ ಹತ್ತಿದ್ದನ್ನು ಬಸ್ಸಿನಲ್ಲಿದ್ದ ಊರಿನವರು ನೋಡಿದರು. ಮಾರಿಕೊಂಡವನಿಗೆ ದೇವರಿಗಿಂತ ಒಳ್ಳೆಯ ಮರೆ ಎಲ್ಲಿ ಸಿಕ್ಕೀತು ಎಂದು ಶಿವಶಂಕರಪ್ಪನಿಗೆ ದಾರಿಯುದ್ದಕ್ಕೂ ಅನ್ನಿಸುತ್ತಿತ್ತು.

ಕುಸ್ತಿಯ ಹಿಂದಿನ ಸಂಜೆ ಗರಡಿಯಲ್ಲಿ ಒಂದು ಪದ್ಧತಿ. ಆಡುವವನು ಹನುಮಂತನ ದೀಪದ ಮೇಲೆ ಅಂಗೈ ಹಿಡಿದು, ಕುಸ್ತಿ ಮಾರಿಕೊಂಡಿಲ್ಲ ಎಂದು ಆಣೆ ಇಡಬೇಕು. ಸುಳ್ಳು ಆಣೆ ಇಟ್ಟ ಕೈ ಮತ್ತೆ ಮೇಲೇಳುವುದಿಲ್ಲ ಎಂಬ ನಂಬಿಕೆ. ಸಣ್ಣಸ್ವಾಮಿ ಬಂದ, ಆದರೆ ಹೊಸ್ತಿಲ ಆಚೆಯೇ ನಿಂತ.

"ಆಣೆ ಇಡಬೇಡಿ ಅಂತ ಅಲ್ಲಿ ಓದಿ ಹೇಳಿದಾರೆ. ಹೌದಾದ್ರೆ ಹೌದು, ಇಲ್ಲಾದ್ರೆ ಇಲ್ಲ, ಅಷ್ಟೇ ಅನ್ನಬೇಕಂತೆ. ನಾನು ಮಾರ್ಕೊಂಡಿಲ್ಲ ಉಸ್ತಾದ್ರೇ."

"ಬಾಯಿಮಾತು ಸಾಕಾಗಿದ್ರೆ ಈ ದೀಪ ಯಾಕ್ಲಾ ಹಚ್ತಿದ್ವಿ?"

ಸಣ್ಣಸ್ವಾಮಿ ಹೊಸ್ತಿಲು ದಾಟಲಿಲ್ಲ. ಹಿಂದೆ ಒಬ್ಬನೇ ಒಬ್ಬ ಹೀಗೆ ಆಣೆಗೆ ಹಿಂಜರಿದಿದ್ದ. ಅವನು ಮಾರಿಕೊಂಡದ್ದು ಆಮೇಲೆ ಬಯಲಾಗಿತ್ತು. ಆದರೆ ಜೋಡಿ ಸಾರಿ ಆಗಿತ್ತು, ಬದಲಿಗೆ ಇಳಿಸಲು ಬೇರೆ ಯಾರೂ ಇರಲಿಲ್ಲ. ಆಣೆ ಇಡದ ವಿಷಯವನ್ನು ಯಾರಿಗೂ ಹೇಳದೆ ಶಿವಶಂಕರಪ್ಪ ಸಣ್ಣಸ್ವಾಮಿಯನ್ನೇ ಕುಸ್ತಿಗೆ ಇಳಿಸಿದ.

ಮರುದಿನ ಮೈದಾನದಲ್ಲಿ ನಾಗರಾಜು ತೊಡೆ ತಟ್ಟಿ ನುಗ್ಗಿದ. ಎಳೆಯ ಮೈ, ಮೀನಿನಂತೆ ಜಾರುತ್ತಿತ್ತು. ಸಣ್ಣಸ್ವಾಮಿ ಅವಸರ ಮಾಡಲಿಲ್ಲ. ಅವನು ದಣಿಯಲಿ ಎಂದು ಕಾದು, ಒಮ್ಮೆಲೆ ಬಗ್ಗಿ ಅವನ ಕತ್ತನ್ನು ತೋಳಿನೊಳಗೆ ಸೇರಿಸಿದ. ಜನ ಎದ್ದು ನಿಂತರು. ಅದು ಹುಣಸೂರಿನವನನ್ನು ಕೆಡವಿದ ಪಟ್ಟು. ಇನ್ನು ಒಂದು ತಿರುವು, ಕುಸ್ತಿ ಮುಗಿದಂತೆ.

ತೋಳು ತೆರೆಯಿತು. ನಾಗರಾಜು ಏನಾಯಿತೆಂದು ಅರ್ಥವಾಗದೆ ಅರೆಗಳಿಗೆ ತಡವರಿಸಿದ, ಆಮೇಲೆ ಕಾಲು ಸೇರಿಸಿ ಒಗೆದ. ಸಣ್ಣಸ್ವಾಮಿಯ ಬೆನ್ನು ಮಣ್ಣಿಗೆ ತಾಗಿತು.

"ಕಳ್ಳ ಕುಸ್ತಿ!"

"ಪೈಲ್ವಾನ್ರು ಪಾದ್ರಿ ಆದ್ರಲ್ಲಪ್ಪೋ! ಇನ್ನೊಂದು ಕೆನ್ನೆ ತೋರ್ಸಿ ಸ್ವಾಮಿ!"

ಕುಸ್ತಿ ಏರ್ಪಡಿಸಿದ್ದ ಮೊಣ್ಣಪ್ಪ ಮೀಸೆ ಒರೆಸಿಕೊಳ್ಳುತ್ತ ಬಂದ. "ಎಂತ ಶಿವಶಂಕರಪ್ಪ ಇದು? ನಿಮ್ಮವ ನಿನ್ನೆ ಆಣೆ ಇಟ್ಟಿದ್ದಾನಾ?"

"ಇಲ್ಲ."

"ಇಲ್ಲವಾ! ಹಾಗಾದ್ರೆ ಜೋಡಿ ಕಟ್ಟಿದ ನೀವು ಇಡಿ, ಈಗ, ಎಲ್ಲರ ಎದುರು. ಇಲ್ಲದಿದ್ರೆ ನಿಮ್ಮ ಗರಡಿಯ ಒಬ್ಬನನ್ನೂ ನಾನು ಇನ್ನು ಈ ಮಣ್ಣಿಗೆ ಇಳಿಸೂದಿಲ್ಲ."

ಅಖಾಡದ ಪಕ್ಕ ಹನುಮಂತನ ಪಟದ ಮುಂದೆ ದೀಪವಿತ್ತು. ಶಿವಶಂಕರಪ್ಪ ಮೊದಲು ಸಣ್ಣಸ್ವಾಮಿಯ ಬಳಿಗೆ ಹೋದ. ಅವನು ಮೈಮೇಲಿನ ಮಣ್ಣು ಕೊಡವಿಕೊಳ್ಳದೆ ಕೂತಿದ್ದ.

"ಯಾಕ್ಲಾ ಬಿಟ್ಟೆ?"

"ಅವನ ಉಸಿರು ಕಟ್ಟೋದು ಕೇಳಿಸ್ತು."

"ನಂಗೇನೂ ಕೇಳಿಸ್ಲಿಲ್ಲ."

"ನಿಮಗೆ ಹೆಂಗೆ ಕೇಳಿಸುತ್ತೆ? ನೀವು ಹೊರಗಿದ್ರಿ."

"ಮಾರ್ಕೊಂಡ್ಯಾ?"

"ಇಲ್ಲ."

"ಇನ್ನೊಂದು ಸಲ ಹೇಳು."

"ಇಲ್ಲ ಉಸ್ತಾದ್ರೇ."

ಎರಡನೆಯ ಸಲದ ಮಾತು ಮೊದಲ ಸಲಕ್ಕಿಂತ ಗಟ್ಟಿಯಾಗಲಿಲ್ಲ, ಮೆತ್ತಗೂ ಆಗಲಿಲ್ಲ. ಶಿವಶಂಕರಪ್ಪ ಆ ಮುಖದಲ್ಲಿ ಏನಾದರೂ ಸಿಕ್ಕೀತೆಂದು ಹುಡುಕಿದ. ಹನ್ನೆರಡರ ಹುಡುಗನಾಗಿದ್ದಾಗಿನಿಂದ ನೋಡಿದ ಮುಖ. ಸುಳ್ಳು ಹೇಳುವಾಗ ಹೇಗಿರುತ್ತದೆಂದು ಗೊತ್ತಿತ್ತು. ನಿಜ ಹೇಳುವಾಗ ಹೇಗಿರುತ್ತದೆಂದು ಯಾವತ್ತೂ ಗಮನಿಸಿರಲಿಲ್ಲ.

"ನನಗೋಸ್ಕರ ನೀವು ಆಣೆ ಇಡಬೇಡಿ," ಎಂದ ಸಣ್ಣಸ್ವಾಮಿ.

"ನಿನ್ನ ಕೇಳ್ಕೊಂಡು ಯಾವತ್ತು ಗರಡಿ ನಡೆಸಿದೀನ್ಲಾ ನಾನು? ಬಾಯಿ ಮುಚ್ಕೊಂಡು ಕೂತ್ಕೊ."

ಶಿವಶಂಕರಪ್ಪ ದೀಪದ ಮುಂದೆ ಹೋಗಿ ಬಲಗೈಯ ಅಂಗೈ ಹಿಡಿದ. ಕೂಗಾಟ ನಿಂತಿತು. ನನ್ನ ಹುಡುಗ ಕುಸ್ತಿ ಮಾರಿಕೊಂಡಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಹೇಳಿದ ಮೇಲೂ ಅನುಮಾನ ಹೋಗಿರಲಿಲ್ಲ. ಅಂಗೈ ಸುಡತೊಡಗಿತು. ಸಾಕು ಎಂದು ಮೊಣ್ಣಪ್ಪ ಹೇಳುವವರೆಗೆ ಅವನು ಕೈ ತೆಗೆಯಲಿಲ್ಲ.